ಮೇಲೆ ಥಳಕು, ಒಳಗೆ ಹುಳುಕು

ಮನೆಯೆಂಬುದು ಮಳೆ, ಗಾಳಿ, ಬಿಸಿಲುಗಳಿಂದ ಮನುಷ್ಯನನ್ನು ಕಾಯತಕ್ಕ ಆಶ್ರಯ. ಆ ಮನೆಯ ಗೋಡೆಗೆ ಹೊದಿಸಿದ ಹೊದಿಕೆಯೇ ಸೌದೆಯಂತೆ ಉರಿಯುವುದಾದರೆ ಅದರೊಳಗೆ ನಿಶ್ಚಿಂತೆಯಿಂದ ಮಲಗುವುದೆಂತು? ಇದು ಕಲ್ಪನೆಯ ಪ್ರಶ್ನೆಯಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತುಗಳ ವಸತಿ ಕಟ್ಟಡದಲ್ಲಿ ಹೊತ್ತಿದ ಬೆಂಕಿ 72 ಜನರ ಪ್ರಾಣವನ್ನು ತೆಗೆದುಕೊಂಡು, ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು.

1974ರಲ್ಲಿ ಮುಗಿದ ಆ ಕಾಂಕ್ರೀಟು ಕಟ್ಟಡ ನಾಲ್ಕು ದಶಕಗಳ ಕಾಲ ಭದ್ರವಾಗಿಯೇ ನಿಂತಿತ್ತು. ಚಳಿಯನ್ನು ತಡೆಯಲೆಂದೂ ನೋಟಕ್ಕೆ ಅಂದವಾಗಲೆಂದೂ ನಡೆಸಿದ ನವೀಕರಣ 2016ರಲ್ಲಿ ಮುಗಿದಾಗ ಅದಕ್ಕೆ ಹೊಸ ಹೊದಿಕೆ ಬಂದಿತ್ತು. ಎರಡು ತೆಳು ಅಲ್ಯೂಮಿನಿಯಂ ತಗಡುಗಳು, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು. ಇದೇ ಆ ಹೊದಿಕೆ. ನಾಲ್ಕನೆಯ ಅಂತಸ್ತಿನ ಒಂದು ಅಡಿಗೆಮನೆಯ ಫ್ರಿಜ್ಜಿನಲ್ಲಿ ಹುಟ್ಟಿದ ಬೆಂಕಿ ಕಿಟಕಿಯಿಂದ ಹೊರಬಿದ್ದು ಹೊದಿಕೆಯನ್ನು ಹಿಡಿದು, ಅರ್ಧ ಗಂಟೆಯೊಳಗೆ ಕಟ್ಟಡದ ನೆತ್ತಿ ಮುಟ್ಟಿತು. ಒಂದು ಮನೆಯ ಬೆಂಕಿ ಮತ್ತೊಂದಕ್ಕೆ ದಾಟದೆಂಬ ನಂಬಿಕೆಯಿಂದ ನಿವಾಸಿಗಳಿಗೆ ಒಳಗೇ ಇರಲು ಹೇಳಲಾಗುತ್ತಿತ್ತು. ಆ ಸಲಹೆಯನ್ನು ಹಿಂತೆಗೆದುಕೊಳ್ಳುವ ವೇಳೆಗೆ ಸುಮಾರು ಎರಡು ಗಂಟೆ ಕಳೆದಿತ್ತು.

ಇದನ್ನು ವಿಧಿಯ ಆಟವೆಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. 2014ರಲ್ಲಿಯೇ ಮೆಲ್ಬರ್ನಿನ ಲಕ್ರಾಸ್ ಎಂಬ ಕಟ್ಟಡದಲ್ಲಿ ಒಂದು ಸಿಗರೇಟಿನ ಕಿಡಿ ಇಂಥದೇ ಹೊದಿಕೆಯನ್ನು ಹತ್ತಿ ಕೆಲವೇ ನಿಮಿಷಗಳಲ್ಲಿ ಮೇಲಕ್ಕೇರಿತ್ತು. ಅಲ್ಲಿ ಯಾರೂ ಸಾಯಲಿಲ್ಲ; ಅದು ಸಿಕ್ಕ ಎಚ್ಚರಿಕೆ. ನಿವೃತ್ತ ನ್ಯಾಯಾಧೀಶರಾದ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣೆಯ ಅಂತಿಮ ವರದಿ 2024ರಲ್ಲಿ ಬಂದಿತು. ಗ್ರೆನ್‌ಫೆಲ್‌ನ ಸಾವುಗಳೆಲ್ಲವೂ ತಪ್ಪಿಸಬಹುದಾಗಿದ್ದುವೆಂದೂ, ಸಾಮಗ್ರಿ ಮಾರಿದವರು ಅಪ್ರಾಮಾಣಿಕವಾಗಿ ವರ್ತಿಸಿದರೆಂದೂ, ಸರ್ಕಾರ ಎಚ್ಚರಿಕೆಗಳನ್ನು ಅಲಕ್ಷಿಸಿತೆಂದೂ ಅದು ಹೇಳಿತು.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ಇಂಥ ಹೊದಿಕೆಯನ್ನು ಕಿತ್ತು ಬೇರೆಯದನ್ನು ಹಾಕಲು ಹಣ ಯಾರದು? ಇಂಗ್ಲೆಂಡಿನಲ್ಲಿ ಮೊದಮೊದಲು ಅನೇಕ ಕಡೆ ಆ ಭಾರ ಬಿದ್ದುದು ಸಾಲ ಮಾಡಿ ಮನೆ ಕೊಂಡವರ ಮೇಲೆ. ಅವರು ಮನೆಯನ್ನು ಮಾರಲಾರರು. ಇರಬೇಕೆಂದರೆ ರಾತ್ರಿಯಿಡೀ ಬೆಂಕಿ ಕಾಯುವ ಕಾವಲುಗಾರರಿಗೂ ತಾವೇ ಸಂಬಳ ಕೊಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! 2022ರ ಕಟ್ಟಡ ಸುರಕ್ಷತಾ ಕಾಯಿದೆ 11 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಅರ್ಹರಾದವರನ್ನು ಈ ಖರ್ಚಿನಿಂದ ಪಾರುಮಾಡಿತು. ಆದರೂ 2025ರಲ್ಲಿ ಕೆಲಸ ಮುಗಿಯದ ಕಟ್ಟಡಗಳು ಸಾವಿರಾರು ಉಳಿದಿದ್ದುವು.

ಸರ್ಕಾರ ಕೊಟ್ಟರೂ ಅದು ಪ್ರಜೆಗಳ ತೆರಿಗೆಯೇ ಅಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ತಪ್ಪಿತಸ್ಥರು ಯಾರೆಂದು ನ್ಯಾಯಾಲಯ ತೀರ್ಮಾನಿಸುವವರೆಗೆ ಬೆಂಕಿ ಕಾಯುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರಲ್ಲಿ ಇದಕ್ಕಾಗಿಯೇ 60 ಕೋಟಿ ಡಾಲರುಗಳ ಯೋಜನೆ ಹೂಡಿ, ತಪ್ಪೆಸಗಿದವರಿಂದ ಆ ಹಣವನ್ನು ವಸೂಲು ಮಾಡುವ ಅಧಿಕಾರವನ್ನೂ ಕಾಯಿದೆಯಿಂದ ಪಡೆಯಿತು. ಮೊದಲು ಪ್ರಾಣರಕ್ಷಣೆ, ಆಮೇಲೆ ಲೆಕ್ಕಾಚಾರ: ಇದೇ ಸರಿಯಾದ ಕ್ರಮವೆಂದು ನನ್ನ ನಂಬಿಕೆ.

ದೂರದ ದೇಶದ ಮಾತು ನಮಗೇಕೆಂದು ಉದಾಸೀನರಾಗುವಂತಿಲ್ಲ. ಎಸಿಪಿ ಶೀಟು ಎಂಬ ಹೆಸರಿನಲ್ಲಿ ಇದೇ ಜಾತಿಯ ಹಲಗೆಗಳು ನಮ್ಮ ಊರುಗಳ ಅಂಗಡಿ, ಆಸ್ಪತ್ರೆಗಳ ಮುಖದ ಮೇಲೂ ಹೊಳೆಯುತ್ತಿವೆ. ಅವುಗಳಲ್ಲಿ ಬೆಂಕಿಯನ್ನು ತಡೆಯುವಂಥವೂ ಉಂಟು, ಬೆಂಕಿಗೆ ತುತ್ತಾಗುವಂಥವೂ ಉಂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದುದರಿಂದ ಪರೀಕ್ಷಿಸಿ ಹೇಳುವ ಹೊಣೆ ಅಧಿಕಾರಿಗಳದು, ಕೇಳುವ ಹೊಣೆ ನಮ್ಮದು. ನಾಳೆ ಸಾಲ ಮಾಡಿ ಇಂಥ ಮನೆಗಳನ್ನು ಕೊಳ್ಳತಕ್ಕವರು ನಮ್ಮಂಥ ವಿದ್ಯಾವಂತರೇ. ಹಾಸುಗಲ್ಲಿನ ಬಣ್ಣವನ್ನು ವಿಚಾರಿಸುವಾಗ ಗೋಡೆಯ ಹೊದಿಕೆಯ ನಡುವೆ ಏನಿದೆಯೆಂಬುದನ್ನೂ ವಿಚಾರಿಸೋಣ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜಾಣತನ ನಮಗೆ ಬೇಡ.