ಎ.ಸಿ. ಹಾಕಿದರೆ ಎಂಜಿನ್ ಬಿಸಿಯೇಕೆ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಮಕ್ಕಳಿಗೆ ಶಾಖದ ಪಾಠ ಪುಸ್ತಕಕ್ಕಿಂತ ಮೊದಲು ಬಯಲಿನಲ್ಲೇ ಆಗಿರುತ್ತದೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿರುವುದೂ ಈ ಬಿಸಿಲನ್ನು ನಂಬಿಯೇ.

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕಾರಿನಲ್ಲಿ ಈ ದಾರಿ ಹಿಡಿದಿದ್ದಾರೆ ಎನ್ನಿ. ಎ.ಸಿ. ಓಡುತ್ತಿದೆ, ಒಳಗೆ ತಂಪು. ಏರಿನಲ್ಲಿ ಲಾರಿಯೊಂದರ ಹಿಂದೆ ತೆವಳುವಾಗ ಎಂಜಿನ್ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರತೊಡಗುತ್ತದೆ. ತಂಪು ಮಾಡುವ ಯಂತ್ರ ಓಡುತ್ತಿರುವಾಗ ಬಿಸಿ ಹೆಚ್ಚುವುದೇಕೆ? ಹಿಂದಿನ ಸೀಟಿನ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಶಾಖವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಸುರಿಯುತ್ತದೆ. ಮಣ್ಣಿನ ಹೂಜಿಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದಲ್ಲ, ಹಾಗೆಯೇ ಡ್ಯಾಶ್‌ಬೋರ್ಡಿನ ಹಿಂದೆ ಆರ್-134ಎಯಂಥ ದ್ರವ ಆವಿಯಾಗಿ ಕಾರಿನೊಳಗಿನ ಶಾಖ ಹೀರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಅದು ಮತ್ತೆ ದ್ರವವಾಗುತ್ತ ಶಾಖವನ್ನು ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಈ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆಯೇ! ಹೀಗಾಗಿ ರೇಡಿಯೇಟರಿಗೆ ದಕ್ಕುವುದು ಆಗಲೇ ಬಿಸಿಯಾದ ಗಾಳಿ. ಕಂಪ್ರೆಸರ್ ತಿರುಗಿಸುವ ಹೊರೆ ಬೇರೆ.

ವೇಗವಿದ್ದಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಎಲ್ಲವೂ ಫ್ಯಾನಿನ ಪಾಲು. ಫ್ಯಾನ್ ಕೆಟ್ಟಿದ್ದರೆ ಸಿರಾ ಹೆದ್ದಾರಿಯಲ್ಲಿ ತಿಳಿಯದೇ ಹೋಗಬಹುದು. ಊರೊಳಗೆ ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡಾಗ ಗುಟ್ಟು ರಟ್ಟಾಗುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಕಾಟ ಬೋರ್‌ವೆಲ್ ನೀರು. ಪಾವಗಡದ ನೀರೆಂದರೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಅದು ಹಲ್ಲು, ಮೂಳೆಗಳ ಶತ್ರು. ರೇಡಿಯೇಟರಿನ ಶತ್ರು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಬಚ್ಚಲುಮನೆಯ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿ, ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ಖರ್ಚೆಂದು ನೋಡದೆ ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿಸುವುದು ಲೇಸು.

ತಂದೆ ತಾಯಿಯರು ಮುಖ್ಯವಾಗಿ ಗಮನಿಸಬೇಕಾದದ್ದು ಮುಚ್ಚಳದ ವಿಷಯ. ಸಮುದ್ರಮಟ್ಟದಿಂದ ಸುಮಾರು 650ರಿಂದ 800 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ ಒಳಗಿನ ದ್ರವ 110 ಡಿಗ್ರಿಯಲ್ಲೂ ಕುದಿಯದೆ ಇರಬಲ್ಲದು. ಮುಚ್ಚಳ ತಿರುಗಿಸಿದೊಡನೆ ಒತ್ತಡ ಇಳಿಯುತ್ತದೆ. ದ್ರವ ಭಗ್ಗನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಾನೆಟ್ ಎತ್ತಿದಾಗ ನೀರಿನ ಬಾಟಲಿ ಹಿಡಿದು ಇಣುಕುವ ಮಕ್ಕಳನ್ನು ದೂರ ನಿಲ್ಲಿಸಿ.

ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರ್ ಹಾಕಿ. ಈ ಸೆಖೆಯಲ್ಲಿ ಹೀಟರೇ ಎಂದು ನಗಬೇಡಿ. ಎಂಜಿನ್ನಿನ ಬಿಸಿ ದ್ರವ ಹರಿಯುವ ಪುಟ್ಟ ರೇಡಿಯೇಟರ್ ಅದು. ಬೆವರುವುದು ನಾವು, ಉಳಿಯುವುದು ಎಂಜಿನ್. ಆದರೂ ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಒಮ್ಮೆಲೇ ಕುಗ್ಗಿ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ಆಮೇಲಿನ ಖರ್ಚಿನ ಮುಂದೆ ಒಂದು ಗಂಟೆಯ ಕಾಯುವಿಕೆ ಏನೂ ಅಲ್ಲ.

ಹೊರಡುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ಎಂದು ನೋಡುವ ಕೆಲಸವನ್ನು ದೊಡ್ಡವರ ಜೊತೆಯಲ್ಲಿ ಮಕ್ಕಳೇ ಮಾಡಬಹುದು.