ಅವ್ವನ ಸ್ಪಾ

ಹೈದರಾಬಾದಿನಲ್ಲಿ ನಮ್ಮ ಟೀಮಿನವರು ಶುಕ್ರವಾರ ಸಂಜೆ ಆಯ್ತೆಂದರೆ ಸ್ಪಾ, ಸ್ಟೀಮ್ ಬಾತ್ ಅಂತ ಪ್ಲಾನ್ ಹಾಕ್ತಾರೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಬೆನ್ನು ಬಿಸಿನೀರಿಗೆ ಸಡಿಲಾಗೋದು ನಿಜ. ಒಮ್ಮೆ ನಾನೂ ಹೋದೆ. ನೀರಲ್ಲಿ ಕೂತಾಗ ನೆನಪಾದದ್ದು ಖಟಕ ಚಿಂಚೋಳಿಯಲ್ಲಿರುವ ಅವ್ವನ ಮೊಣಕಾಲು.

ಅವತ್ತೇ ಫೋನ್ ಮಾಡಿ, "ಅವ್ವಾ, ಇಲ್ಲಿ ಬಾ, ನಿನ್ನ ಹೆಸರಿಲೆ ಬುಕ್ ಮಾಡ್ತೀನಿ" ಎಂದೆ. ಎಷ್ಟು ರೊಕ್ಕ ಅಂತ ಕೇಳಿದಳು. ಹೇಳಿದೆ.

"ಅಷ್ಟು ರೊಕ್ಕದಾಗ ಒಂದು ಚೀಲ ಸೋಯಾ ಬೀಜ ಬರ್ತದ. ಜಳಕಾ ಮಾಡ್ಲಾಕ ಹೈದರಾಬಾದಿಗಿ ಬರಬೇಕೇನು?" ಎಂದವಳೇ ಫೋನ್ ಇಟ್ಟಳು.

ಬೇಜಾರಾಯ್ತು. ಆದರೂ ಬಿಡದೆ, ನಮ್ಮ ಕಡೆ ಬಿಸಿನೀರಿನ ಬುಗ್ಗೆ ಎಲ್ಲಿದೆ ಅಂತ ಹುಡುಕಿದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆ, ಗಂಧಕದ ವಾಸನೆಯ ಬೆಚ್ಚನೆ ನೀರು. ಅದು ರಾಜ್ಯದ ಇನ್ನೊಂದು ತುದಿ. ಪಕ್ಕದ ನಾಂದೇಡ ಜಿಲ್ಲೆಯ ಉನಕೇಶ್ವರದಲ್ಲೂ ಬಿಸಿನೀರಿನ ಬುಗ್ಗೆ ಉಂಟು, ಆದರೆ ಸಂಜೆ ಹೋಗಿ ಬರುವ ದಾರಿಯಲ್ಲ. ಬೀದರ ಕೋಟೆಯಲ್ಲಿ ಶಾಹಿ ಹಮಾಮ್ ಇದೆ. ಒಂದು ಕಾಲಕ್ಕೆ ರಾಜಮನೆತನದ ಸ್ನಾನಗೃಹ, ಈಗ ಮ್ಯೂಸಿಯಂ. ಉಳಿದದ್ದು ಒಂದೇ, ನಮ್ಮ ನರಸಿಂಹ ಝರಣಿ.

ಝರಣಿಯ ನೀರು ಬಿಸಿನೀರಲ್ಲ. ಬೀದರ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಮಳೆನೀರು ಆ ಕಲ್ಲಿನ ತೂತುಗಳಿಂದ ಇಳಿದು, ಕೆಳಗಿನ ಗಟ್ಟಿ ಕಪ್ಪು ಕಲ್ಲಿಗೆ ತಡೆದು, ಅಂಚಿನಲ್ಲಿ ಒಸರುತ್ತದೆ. ನೆಲದೊಳಗಿನ ನೀರಿನ ಶಾಖ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಹೀಗಾಗಿ ಬೇಸಿಗೆಯಲ್ಲಿ ತಂಪು ಅನ್ನಿಸುವ ಅದೇ ನೀರು, ಬೀದರಿನ ಡಿಸೆಂಬರ್ ಚಳಿಯಲ್ಲಿ ಬೆಚ್ಚಗೆ ಅನ್ನಿಸುತ್ತದೆ.

ಡಿಸೆಂಬರಿನ ಒಂದು ಶನಿವಾರ ಊರಿಗೆ ಹೋದವಳು, "ಝರಣಿಗಿ ಹೋಗಮು ನಡಿ" ಎಂದೆ. ಬಸ್ಸಿಗೆ ರೊಕ್ಕ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಅವ್ವ ತಕ್ಷಣ ಒಪ್ಪಿದಳು. ಬೀದರಿನಲ್ಲಿ ಇಳಿದು ಆಟೋ ಹಿಡಿದೆವು.

ಗುಹೆಯ ಬಾಯಿಯಲ್ಲಿ ಮಾತ್ರ ನಿಂತುಬಿಟ್ಟಳು. ಸುಮಾರು 300 ಮೀಟರ್ ಸುರಂಗ, ಸೊಂಟದಿಂದ ಎದೆಮಟ್ಟದವರೆಗೆ ನೀರು. "ಮಂದಿ ಮುಂದ ಸೀರಿ ತೊಯ್ಸಿಕೊಂಡು ಹ್ಯಾಂಗ ಹೋಗ್ಲಿ?" ಅಂದಳು. ನಾನು ಏನು ಹೇಳಿದರೂ ಕೇಳಲಿಲ್ಲ. ಹಿಂದಿದ್ದ ಹೆಂಗಸೊಬ್ಬರು, "ಬಾ ಯಕ್ಕಾ, ಇಲ್ಲಿ ಎಲ್ಲಾರೂ ತೊಯ್ದೇ ಹೋಗೋದು" ಅಂತ ಕೈ ಹಿಡಿದರು. ಅವ್ವ ಇಳಿದಳು.

ನೀರು ಹದವಾಗಿ ಬೆಚ್ಚಗಿತ್ತು. ಛಾವಣಿಗೆ ಬಾವಲಿಗಳು, ಮುಂದೆ "ಗೋವಿಂದಾ" ಅನ್ನುವ ಸಾಲು. ಕೊನೆಯಲ್ಲಿರುವ ಗರ್ಭಗುಡಿಯಲ್ಲಿ ಒಮ್ಮೆಗೆ ಕೆಲವರಿಗಷ್ಟೇ ಜಾಗ, ಉಳಿದವರು ನೀರಲ್ಲೇ ನಿಂತು ಕಾಯಬೇಕು. ಎದೆಮಟ್ಟದ ನೀರಲ್ಲಿ ನಿಂತಾಗ ಕಾಲ ಮೇಲೆ ಬೀಳುವುದು ಮೈತೂಕದ ಮೂರನೇ ಒಂದು ಪಾಲಿನಷ್ಟು. ಅವ್ವನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ, "ಕಾಲು ಹಗುರ ಆಗ್ಯಾವ ನೋಡು" ಅಂದಳು.

ಆಮೇಲೆ ಮೆಲ್ಲಗೆ, "ಬ್ಯಾಸಿಗ್ಯಾಗ ಎರಡು ಕೊಡ ನೀರಿಗಿ ನಸೀಕಿನ್ಯಾಗ ಏಳ್ತಿದ್ದೆ. ಇಷ್ಟು ನೀರಾಗ ಸುಮ್ನ ನಿಂತಿದ್ದು ಇದೇ ಮೊದಲು" ಎಂದಳು.

ನನಗೆ ಮಾತು ಬರಲಿಲ್ಲ. ಅವಳು ತಲೆಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತಂದ ನೀರಲ್ಲೇ ಜಳಕ ಮಾಡಿ ನಾನು ಶಾಲೆಗೆ ಹೋದವಳು. ಆ ಮೊಣಕಾಲು ನೋವಿನಲ್ಲಿ ನನ್ನ ಪಾಲೂ ಇದೆ.

ಹೊರಗೆ ಬಂದಾಗ ಚಳಿಗಾಳಿ. ಒಣ ಸೀರೆ ಉಟ್ಟು, ಬಿಸಿ ಚಹಾ, ಮಿರ್ಚಿ ಭಜಿ ತಿಂದೆವು. ಪವಾಡವೇನೂ ಆಗಲಿಲ್ಲ, ಮರುದಿನ ನೋವು ವಾಪಸ್ ಬಂತು. ಆದರೆ ಎರಡು ವರ್ಷದಿಂದ "ಏನೂ ಆಗಿಲ್ಲ" ಅನ್ನುತ್ತಿದ್ದವಳು, ಡಾಕ್ಟರ್ ಹತ್ತಿರ ಬರಲು ಒಪ್ಪಿದಳು. ಈಗ ದಿನಾ ಅವರು ಹೇಳಿದ ವ್ಯಾಯಾಮ ಮಾಡುತ್ತಾಳಂತೆ. ತಮ್ಮನಿಗೆ ವಿಡಿಯೋ ಕಳಿಸು ಅಂದಿದ್ದೇನೆ, ನಂಬಿಕೆ ಕಡಿಮೆ!

ನೀವೂ ಹೋಗುವುದಾದರೆ, ಗುಹೆ ತೆರೆದಿದೆಯಾ, ನೀರು ಎಷ್ಟಿದೆ ಅಂತ ಮೊದಲೇ ವಿಚಾರಿಸಿ. ಸಂಜೆ ಬಾಗಿಲು ಹಾಕುವ ಮುಂಚೆ ತಲುಪಿ. ಉಸಿರಾಟದ ಅಥವಾ ಹೃದಯದ ತೊಂದರೆ ಇದ್ದವರು ಒಳಗೆ ಹೋಗುವುದು ಬೇಡ. ಒಣ ಬಟ್ಟೆ ಮರೆಯಬೇಡಿ, ಫೋನ್ ಹೊರಗೇ ಇರಲಿ.

ಮೊನ್ನೆ ಅವ್ವನೇ ಫೋನ್ ಮಾಡಿದ್ದಳು. "ಮುಂದಿನ ಸಲ ಯಾವಾಗ ಬರ್ತಿ? ತೊಯ್ಸಿಕೊಳ್ಳಾಕ ಒಂದು ಹಳೇ ಸೀರಿ ತೆಗೆದಿಟ್ಟೀನಿ."