ಸಂಧ್ಯಾಪ್ರಾರ್ಥನೆಯಲ್ಲಿ ಕೃತಜ್ಞತೆಗೆ ಎಡೆಯೆಷ್ಟು?

ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಒಂದೆಡೆ ಕುಳಿತು ದೇವರನ್ನು ಪ್ರಾರ್ಥಿಸುವ ಪದ್ಧತಿಯು ಕ್ರೈಸ್ತ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದಿದೆಯಷ್ಟೆ. ಪದ್ಧತಿಯೇನೋ ಉಳಿದಿದೆ, ಅದರ ಜೀವವು ಉಳಿದಿದೆಯೆ ಎಂಬುದೇ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಪ್ರಾರ್ಥನೆಯೆಂಬುದು ಬೇಡಿಕೆಗಳ ಪಟ್ಟಿಯಾಗಿದೆ: ಮಗನಿಗೆ ಕೆಲಸ, ಮಗಳಿಗೆ ವರ, ಅಜ್ಜಿಗೆ ಆರೋಗ್ಯ, ಸಾಲದಿಂದ ಬಿಡುಗಡೆ. ಮತ್ತೆ ಕೆಲವು ಮನೆಗಳಲ್ಲಿ ಅದು ವಿಚಾರಣೆಯ ಕಟ್ಟೆಯಾಗಿದೆ. ದಿನದ ತಪ್ಪುಗಳನ್ನೆಲ್ಲ ಎಣಿಸಿ, ಮಕ್ಕಳ ಮುಖವು ಬಾಡುವವರೆಗೂ ಪಾಪದ ಮಾತನ್ನೇ ಆಡಿ, ಅಳುಕಿದ ಮನಸ್ಸಿನಿಂದ ಅವರನ್ನು ಹಾಸಿಗೆಗೆ ಕಳುಹಿಸುವುದೇ ಭಕ್ತಿಯೆಂದು ಹಿರಿಯರು ಬಗೆದಿರುತ್ತಾರೆ. ಕೃತಜ್ಞತೆಗೆ ದೊರೆಯುವುದು ಮೊದಲಿನ ಒಂದು ವಾಕ್ಯ. ಸಂತೋಷಕ್ಕೆ ಅದೂ ಇಲ್ಲ. ಇದನ್ನು ಪೂರ್ವಿಕರ ಸಂಪ್ರದಾಯವೆನ್ನುವವರು ಆ ಸಂಪ್ರದಾಯವನ್ನು ಅರಿತವರಲ್ಲ.

ಪೂರ್ವಿಕರು ಮಾಡಿದುದೇನು? 4ನೆಯ ಶತಮಾನದಲ್ಲಿ ಕೈಸರೈಯದ ಬಿಷಪನಾಗಿದ್ದ ಬಸಿಲನು ಪವಿತ್ರಾತ್ಮನನ್ನು ಕುರಿತು ಬರೆದ ಗ್ರಂಥದಲ್ಲಿ ದೀಪ ಹಚ್ಚುವ ಹೊತ್ತಿನ ಗ್ರೀಕ್ ಸ್ತೋತ್ರವೊಂದನ್ನು ಉಲ್ಲೇಖಿಸಿದ್ದಾನೆ. ಅದನ್ನು ರಚಿಸಿದವರಾರೆಂದು ಅವನಿಗೂ ತಿಳಿಯದು. ಅವನ ಕಾಲಕ್ಕೇ ಅದು ಅಷ್ಟು ಹಳೆಯದಾಗಿತ್ತು. ಸಂಜೆಯ ಬೆಳಕನ್ನು ಮೂಕರಾಗಿ ಬರಮಾಡಿಕೊಳ್ಳದೆ, ಅದು ಕಂಡೊಡನೆ ಸ್ತೋತ್ರ ಸಲ್ಲಿಸಬೇಕೆಂಬುದು ಹಿಂದಿನವರ ಮತವಾಗಿತ್ತೆಂದು ಆತನು ಹೇಳುತ್ತಾನೆ. ಆ ಗೀತವು ಪೂರ್ವದೇಶದ ಸಭೆಗಳ ಸಂಧ್ಯಾರಾಧನೆಯಲ್ಲಿ ಇಂದಿಗೂ ಹಾಡಲ್ಪಡುತ್ತಿದೆ. ಅದರ ಹುರುಳು ಬೇಡಿಕೆಯಲ್ಲ, ಬೆಳಕನ್ನು ಕಂಡವರ ಹರ್ಷ.

ಸಭೆಯ ಮಾತು ಬೇರೆ, ಮನೆಯ ಮಾತು ಬೇರೆ ಎನ್ನುವವರು ಲೂಥರನು 1529ರಲ್ಲಿ ಪ್ರಕಟಿಸಿದ ಸಣ್ಣ ಪ್ರಶ್ನೋತ್ತರವನ್ನು ನೋಡಬಹುದು. ಅದರಲ್ಲಿ ಮನೆಯ ಯಜಮಾನನು ತನ್ನವರಿಗೆ ಕಲಿಸಬೇಕಾದ ಸಾಯಂಪ್ರಾರ್ಥನೆಯುಂಟು. ಅದರ ಕ್ರಮವನ್ನು ಗಮನಿಸಬೇಕು. ಮೊದಲು, ದಿನವಿಡೀ ಕಾಪಾಡಿದ್ದಕ್ಕಾಗಿ ವಂದನೆ. ಅನಂತರ ತಪ್ಪುಗಳಿಗೆ ಕ್ಷಮೆ. ಕೊನೆಯಲ್ಲಿ ರಾತ್ರಿಗೆ ರಕ್ಷಣೆ. ಇದಾದ ಮೇಲೆ ತಡಮಾಡದೆ, ಹರ್ಷದಿಂದ ಮಲಗತಕ್ಕದ್ದೆಂದು ಅವನ ವಿಧಿ. ಪಾಪದ ಭಾರವನ್ನು ಲೂಥರನಿಗಿಂತ ಆಳವಾಗಿ ಅನುಭವಿಸಿದವರು ಎಷ್ಟು ಮಂದಿ? ಅಂಥವನೇ ಕೃತಜ್ಞತೆಯನ್ನು ಮುಂದಿಟ್ಟು, ಪಾಪನಿವೇದನೆಯನ್ನು ಅದರ ಹಿಂದೆ ನಿಲ್ಲಿಸಿದ್ದಾನೆ. ಉಪಕಾರವನ್ನು ನೆನೆದವನಿಗೆ ಮಾತ್ರ ತನ್ನ ಅಪಕಾರವು ನಿಜವಾಗಿ ನಾಚಿಕೆ ತರುವುದು. ಉಳಿದವರದು ಬರಿಯ ಭಯ.

ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕದ ಸಾಯಂಪ್ರಾರ್ಥನೆಯು ಪಾಪನಿವೇದನೆಯಿಂದಲೇ ಆರಂಭವಾಗುವುದಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. 1662ರ ಪುಸ್ತಕದಲ್ಲಿ ಹಾಗಿರುವುದು ನಿಜ. ಆದರೆ ಅದು ಹೊಸ್ತಿಲು; ಮನೆಯು ಒಳಗಿದೆ. ಒಳಗೆ ಹೋದರೆ ಕೀರ್ತನೆಗಳೂ, ಮರಿಯಳ ಗೀತವೂ, ಬಾಲಯೇಸುವನ್ನು ಎತ್ತಿಕೊಂಡ ವೃದ್ಧ ಸಿಮೆಯೋನನ ಗೀತವೂ ಕೇಳಿಬರುತ್ತವೆ. ಅದೇ ವರ್ಷ ಬಿಷಪ್ ರೆನಾಲ್ಡ್ಸನು ರಚಿಸಿದ ಸರ್ವೋಪಕಾರಸ್ಮರಣೆಯ ಪ್ರಾರ್ಥನೆಯೂ ಆ ಪುಸ್ತಕಕ್ಕೆ ಸೇರಿತು. ಹೊಸ್ತಿಲ ಮೇಲೆಯೇ ಕುಳಿತು ಅಳುವವನು ಮನೆಯನ್ನು ಕಂಡೆನೆನ್ನಬಹುದೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದುಂಟು. ಮಗುವನ್ನು ಮಣ್ಣಿಗಿಟ್ಟು ಬಂದ ಮನೆಯಲ್ಲಿ, ಅಕ್ಕಿಯ ಮಡಕೆ ಬರಿದಾದ ಮನೆಯಲ್ಲಿ, ಸಂಜೆಗೆ ಸಂತೋಷದ ಪ್ರಾರ್ಥನೆಯೆಂದರೆ ಕಪಟವಲ್ಲವೆ? ಇದನ್ನು ನಕ್ಕು ತಳ್ಳುವಂತಿಲ್ಲ. ದುಃಖಿತರಿಗೆ ನಗುವನ್ನು ವಿಧಿಸುವುದು ಕ್ರೌರ್ಯವೇ ಸರಿ. ಕೀರ್ತನೆಗಳ ಗ್ರಂಥದಲ್ಲಿ ಗೋಳಿಗೂ ಎಡೆಯುಂಟು. ಆದರೆ ಕೃತಜ್ಞತೆಯು ಸುಖಿಗಳ ಸೊತ್ತೆಂದು ತಿಳಿಯುವುದು ಇನ್ನೊಂದು ತಪ್ಪು. ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದ ಬೆನ್ನಿನಿಂದ, ಕೋಳಕ್ಕೆ ಸಿಕ್ಕಿದ ಕಾಲಿನಿಂದ, ನಡುರಾತ್ರಿಯಲ್ಲಿ ಹಾಡಿದವರು ಪೌಲ ಸೀಲರು. 1943ರ ಕ್ರಿಸ್ಮಸ್ಸಿನ ಕಾಲಕ್ಕೆ ಬರ್ಲಿನಿನ ಟೇಗಲ್ ಸೆರೆಮನೆಯಲ್ಲಿದ್ದ ಬೊನ್ಹೋಫರನು ಜೊತೆಯ ಕೈದಿಗಳಿಗಾಗಿ ಒಂದು ಸಾಯಂಪ್ರಾರ್ಥನೆಯನ್ನು ಬರೆದನು. ಅದರ ಆರಂಭವೂ ವಂದನೆಯೇ: ದಿನವು ಮುಗಿದುದಕ್ಕಾಗಿ, ದೇಹಕ್ಕೂ ಆತ್ಮಕ್ಕೂ ದೊರೆತ ವಿಶ್ರಾಂತಿಗಾಗಿ. ತನಗೆ ಅನ್ಯಾಯ ಮಾಡಿದವರನ್ನು ಕ್ಷಮಿಸುವ ಮನಸ್ಸನ್ನು ಅವನು ಬೇಡುತ್ತಾನೆ. ತನ್ನವರೊಂದಿಗೆ ಆ ಸೆರೆಮನೆಯನ್ನೂ ದೇವರಿಗೆ ಒಪ್ಪಿಸುತ್ತಾನೆ. 1945ರ ಏಪ್ರಿಲಿನಲ್ಲಿ ಅವನು ಗಲ್ಲಿಗೇರಿದನು. ಇವನ ವಂದನೆಯನ್ನು ಕಪಟವೆನ್ನುವ ಧೈರ್ಯ ಯಾರಿಗುಂಟು? ಕೃತಜ್ಞತೆಯು ದುಃಖವನ್ನು ಅಲ್ಲಗಳೆಯುವುದಿಲ್ಲ; ದುಃಖವೇ ಕೊನೆಯ ಮಾತೆಂಬುದನ್ನು ಅಲ್ಲಗಳೆಯುತ್ತದೆ.

ಇನ್ನು ಕೆಲವರು, ಹೊಟ್ಟೆ ತುಂಬಿದವರ ವಂದನೆಯು ನೆರೆಯವನ ಹಸಿವನ್ನು ಮರೆಸುವುದೆನ್ನುತ್ತಾರೆ. ಬಾಯಿಮಾತಿನ ವಂದನೆಯ ವಿಷಯದಲ್ಲಿ ಅವರ ಮಾತು ಸತ್ಯ. ಆದರೆ ಸಂಜೆ ಸಂಜೆಗೂ ಸಭೆಯು ಹಾಡುವ ಮರಿಯಳ ಗೀತದ ತಾತ್ಪರ್ಯವೇನು? ಅಧಿಕಾರಸ್ಥರು ಸಿಂಹಾಸನಗಳಿಂದ ಇಳಿಯುವರು, ಹಸಿದವರು ತೃಪ್ತರಾಗುವರು, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುವರು ಎಂದಲ್ಲವೆ? ಬಡ ಹುಡುಗಿಯೊಬ್ಬಳ ಈ ಹರ್ಷವು ಧನಿಕರಿಗೆ ನಿದ್ರೆ ಬರಿಸುವ ಜೋಗುಳವಲ್ಲ. ತಟ್ಟೆಯಲ್ಲಿರುವ ಅನ್ನವು ದಾನವಾಗಿ ಬಂದುದೆಂದು ನಿಜವಾಗಿ ನಂಬಿದವನು ಅದನ್ನು ತನ್ನದೇ ಗಳಿಕೆಯೆಂದು ಬಿಗಿಹಿಡಿಯಲಾರನು. ಜಿಪುಣತನಕ್ಕೆ ಬೇರಾಗಿರುವುದು ವಂದನೆಯಲ್ಲ, ವಂದನೆಯ ಮರೆವು.

ಹಾಗಾದರೆ ಬೇಡುವುದು ತಪ್ಪೆ? ಅಲ್ಲ. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿಯೇ ದಿನದ ರೊಟ್ಟಿಯ ಬೇಡಿಕೆಯುಂಟು. ಆದರೆ ರೊಟ್ಟಿಗಿಂತ ಮೊದಲು ತಂದೆಯ ನಾಮವೂ ರಾಜ್ಯವೂ ಚಿತ್ತವೂ ಬರುತ್ತವೆ. ಕೊಡುವವನ ಮುಖವನ್ನು ನೋಡದೆ ಕೈಯನ್ನು ಮಾತ್ರ ನೋಡುವವನನ್ನು ಲೋಕವೂ ಮೆಚ್ಚುವುದಿಲ್ಲ.

ಕನ್ನಡದ ಕ್ರೈಸ್ತ ಮನೆಗಳಿಗೆ ಇದಕ್ಕೆ ಬೇಕಾದ ಸಾಮಗ್ರಿಯ ಕೊರತೆಯಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಂದಿನಿಂದ ಈ ನುಡಿಯಲ್ಲಿ ಸ್ತುತಿಗೀತಗಳು ಬೆಳೆದುಬಂದಿವೆ. ಯೇಸುವಿನ ಚರಿತ್ರೆಯನ್ನು ಕಿಟ್ಟೆಲರು 1862ರಲ್ಲಿಯೇ ‘ಕಥಾಮಾಲೆ’ಯೆಂಬ ಪದ್ಯಕೃತಿಯಾಗಿ ಕೊಟ್ಟರು. ಹಾಡಲು ನುಡಿಯುಂಟು, ಹಾಡುವ ಗಂಟಲುಗಳುಂಟು. ಬೇಕಾದುದು ಯಜಮಾನನೂ ಯಜಮಾನಿತಿಯೂ ಮನಸ್ಸು ಮಾಡುವುದೊಂದೇ. ಬೇಡಿಕೆಯ ಪಟ್ಟಿಯನ್ನು ಬಿಚ್ಚುವ ಮೊದಲು, ಮನೆಯ ಅತಿ ಕಿರಿಯ ಮಗುವನ್ನು ಇಂದು ದೊರೆತ ಒಳ್ಳೆಯದೇನೆಂದು ಕೇಳಲಿ. ಅದು ಹೇಳಿದುದಕ್ಕಾಗಿ ಎಲ್ಲರೂ ವಂದಿಸಲಿ. ಅಂಜಿಕೆಯಿಂದ ಮಲಗುವ ಮಗು ದೊಡ್ಡದಾದ ಮೇಲೆ ಪ್ರಾರ್ಥನೆಯನ್ನು ಬಿಟ್ಟರೆ ಸೋಜಿಗವಿಲ್ಲ. ವಂದಿಸಿ, ಹಾಡಿ, ಹರ್ಷದಿಂದ ಮಲಗಿದ ಮಗುವಿಗೆ ಮುಂದೆ ಎಂಥ ಕತ್ತಲು ಬಂದರೂ ದೀಪ ಹಚ್ಚುವ ಹೊತ್ತು ನೆನಪಿಗೆ ಬಾರದಿರದು.